ಬಡಾವಣೆಯಲ್ಲಿ ಬ್ಲೂಬರ್ಡ್‌ಗಳಿಗೆ ಗೂಡುಪೆಟ್ಟಿಗೆ: ಗುಬ್ಬಚ್ಚಿಗಳ ವಿಷಯದಲ್ಲಿ ಏನು ಮಾಡಬೇಕು?

ಪೈನ್ ನೆರಳು, ರಾಲೀ, ಉತ್ತರ ಕೆರೊಲಿನಾ
ಫೆಬ್ರವರಿ 3

ಎಲ್ಲರಿಗೂ ನಮಸ್ಕಾರ. ಕಳೆದ ಮಾರ್ಚ್‌ನಲ್ಲಿ ಮಗಳ ಹುಟ್ಟುಹಬ್ಬಕ್ಕೆಂದು ಒಂದು ಗೂಡುಪೆಟ್ಟಿಗೆಯನ್ನು ತಂದು ಹಿತ್ತಲಿನ ಬೇಲಿಗೆ ಮೊಳೆ ಹೊಡೆದು ಕೂರಿಸಿದೆವು. ಎರಡೇ ವಾರದಲ್ಲಿ ಒಂದು ಜೋಡಿ ಬ್ಲೂಬರ್ಡ್ ಬಂದು ಪೈನ್ ಮರದ ಒಣ ಎಲೆಗಳನ್ನು ಎಳೆ ಎಳೆಯಾಗಿ ಹೊತ್ತು ತಂದು ಗೂಡು ಕಟ್ಟಿತು. ಗಂಡಿನ ಬೆನ್ನು ಕಡುನೀಲಿ, ಎದೆ ಇಟ್ಟಿಗೆಯ ಬಣ್ಣ. ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆಯವರು ಬೆಳಿಗ್ಗೆ ಅವುಗಳ ಮುಖ ನೋಡಿದ ಮೇಲೆಯೇ ಕಾಫಿ ಕುಡಿಯುತ್ತಿದ್ದರು. ಐದು ತಿಳಿನೀಲಿ ಮೊಟ್ಟೆಗಳಾದವು. ಒಂದು ಬೆಳಿಗ್ಗೆ ಹೆಣ್ಣು ಹಕ್ಕಿ ಹೊರಗೆ ಬರಲೇ ಇಲ್ಲ. ತೆರೆದು ನೋಡಿದರೆ ಅದು ಮೊಟ್ಟೆಗಳ ಮೇಲೆ ಕೂತಲ್ಲಿಯೇ ಸತ್ತಿತ್ತು. ತಲೆಯ ಗರಿಗಳನ್ನು ಕುಕ್ಕಿ ಕಿತ್ತು ಹಾಕಲಾಗಿತ್ತು. ಸತ್ತ ಹಕ್ಕಿಯ ಮೇಲೆ ಆಗಲೇ ಒಣಹುಲ್ಲು, ಪ್ಲಾಸ್ಟಿಕ್ ಚೂರುಗಳು ಬಿದ್ದಿದ್ದವು. ಪೆಟ್ಟಿಗೆಯ ಮಾಡಿನ ಮೇಲೆ ಗಂಡು ಗುಬ್ಬಚ್ಚಿಯೊಂದು ಕೂತು ಚಿಲಿಪಿಲಿ ಎನ್ನುತ್ತಿತ್ತು.

ಈ ವರ್ಷ ನಮ್ಮ ಬಡಾವಣೆಯ ಮನೆಮಾಲೀಕರ ಸಂಘವು ಮಳೆನೀರಿನ ಕೊಳದ ಸುತ್ತಲಿನ ಬಯಲಿನಲ್ಲಿ ಆರು ಪೆಟ್ಟಿಗೆಗಳನ್ನು ನಿಲ್ಲಿಸಲು ತಾತ್ವಿಕವಾಗಿ ಒಪ್ಪಿದೆ, ಆದರೆ ಬರವಣಿಗೆಯಲ್ಲಿ ಯೋಜನೆ ಕೊಡಬೇಕೆಂದು ಕೇಳಿದೆ. ಮತ್ತೆ ಅಂಥದ್ದೇ ಸಾವಿಗೆ ನಾನು ಕಾರಣಳಾಗಬಾರದು ಎಂಬ ಭಯದಿಂದ ಇಲ್ಲಿ ಕೇಳುತ್ತಿದ್ದೇನೆ. ಪೆಟ್ಟಿಗೆ ಎಲ್ಲಿ, ಹೇಗೆ ಇರಬೇಕು? ಗುಬ್ಬಚ್ಚಿಗಳನ್ನು ನಾವು ಏನು ಮಾಡಬೇಕು? ಎರಡನೆಯ ಪ್ರಶ್ನೆಯನ್ನು ಮಗಳು ನನ್ನನ್ನು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

ಹಳೆಯ ಗೂಡುಗಾರ, ಓಹಾಯೋ
ಫೆಬ್ರವರಿ 3

ನಿಮ್ಮ ದುಃಖ ನನಗೆ ಅರ್ಥವಾಗುತ್ತದೆ. ಹದಿನಾಲ್ಕು ವರ್ಷಗಳಿಂದ ಒಂದು ಉದ್ಯಾನದ ಅಂಚಿನಲ್ಲಿ ಪೆಟ್ಟಿಗೆಗಳ ಸಾಲನ್ನು ನೋಡಿಕೊಳ್ಳುತ್ತಿದ್ದೇನೆ. ಆರಂಭದ ಎರಡು ವರ್ಷ ನನ್ನ ಪೆಟ್ಟಿಗೆಗಳಲ್ಲಿಯೂ ಇದೇ ಆಯಿತು. ಮೊದಲು ಒಂದು ಮಾತನ್ನು ಕಟುವಾಗಿಯೇ ಹೇಳುತ್ತೇನೆ: ವಾರಕ್ಕೊಮ್ಮೆ ತೆರೆದು ನೋಡಲು ಯಾರೂ ಇಲ್ಲದಿದ್ದರೆ ಪೆಟ್ಟಿಗೆಯನ್ನು ನಿಲ್ಲಿಸಲೇಬೇಡಿ. ಯಾರೂ ನೋಡದ ಪೆಟ್ಟಿಗೆಯಲ್ಲಿ ಗುಬ್ಬಚ್ಚಿಗಳು ವರ್ಷಕ್ಕೆ ಮೂರು ಸಲ ಮರಿ ಮಾಡುತ್ತವೆ, ಆ ಮರಿಗಳು ಮುಂದಿನ ವರ್ಷ ಸುತ್ತಲಿನ ಬ್ಲೂಬರ್ಡ್‌ಗಳ ಮೇಲೆ ಬೀಳುತ್ತವೆ.

ಆರು ಪೆಟ್ಟಿಗೆ ಹೆಚ್ಚಾಯಿತು. ಪೂರ್ವದ ಬ್ಲೂಬರ್ಡ್ ಜೋಡಿಯು ತನ್ನ ಸುತ್ತ ಸುಮಾರು 100 ಗಜದೊಳಗೆ ಇನ್ನೊಂದು ಜೋಡಿಯನ್ನು ಬಿಟ್ಟುಕೊಳ್ಳುವುದಿಲ್ಲ. ನಿಮ್ಮ ಕೊಳ ಎಷ್ಟು ದೊಡ್ಡದೋ ತಿಳಿಯದು, ಎರಡು ಅಥವಾ ಮೂರರಿಂದ ಆರಂಭಿಸಿ. ಬೇಲಿಗೆ, ಮರಕ್ಕೆ ಹೊಡೆಯಬೇಡಿ; ಬೇಲಿಯೆಂದರೆ ರಕೂನ್, ಬೆಕ್ಕು, ಹಾವುಗಳಿಗೆ ಏಣಿ ಇಟ್ಟಂತೆ. ನುಣುಪಾದ ಕಬ್ಬಿಣದ ಕಂಬವನ್ನು ಬಯಲಿನಲ್ಲಿ ನೆಟ್ಟು, ಸುಮಾರು ಐದು ಅಡಿ ಎತ್ತರದಲ್ಲಿ ಪೆಟ್ಟಿಗೆ ಕೂರಿಸಿ, ಅದರ ಕೆಳಗೆ 8 ಇಂಚು ಅಗಲದ, ಎರಡು ಅಡಿಗೂ ಹೆಚ್ಚು ಉದ್ದದ ತಗಡಿನ ಕೊಳವೆಯನ್ನು ಮೇಲ್ಭಾಗ ಮುಚ್ಚಿ ತೂಗುಹಾಕಿ. ಇದನ್ನೇ ಇಲ್ಲಿ ಬ್ಯಾಫಲ್ ಎನ್ನುತ್ತಾರೆ. ಕೊಳವೆಯೊಳಗೆ ಏರಿದ ಹಾವಿಗೆ ಮುಂದೆ ದಾರಿಯಿರುವುದಿಲ್ಲ.

ಬಾಗಿಲಿನ ತೂತು ಒಂದೂವರೆ ಇಂಚು. ಅದಕ್ಕಿಂತ ದೊಡ್ಡದಾದರೆ ಸ್ಟಾರ್ಲಿಂಗ್ ಎಂಬ ಇನ್ನೊಂದು ಹಕ್ಕಿ ನುಗ್ಗುತ್ತದೆ. ತೂತಿನ ಕೆಳಗೆ ಕಡ್ಡಿ ಸಿಕ್ಕಿಸಿರುವ ಪೆಟ್ಟಿಗೆಗಳನ್ನು ಕೊಳ್ಳಬೇಡಿ. ಬ್ಲೂಬರ್ಡ್‌ಗೆ ಆ ಕಡ್ಡಿ ಬೇಕಿಲ್ಲ. ಅದರ ಮೇಲೆ ಕೂತು ಒಳಗಿನವರನ್ನು ಕಾಡುವುದು ಗುಬ್ಬಚ್ಚಿಗೆ ಸುಲಭವಾಗುತ್ತದೆ. ಬಣ್ಣ ಬಳಿಯದ, ಮುಕ್ಕಾಲು ಇಂಚು ದಪ್ಪದ ಸೀಡರ್ ಅಥವಾ ಪೈನ್ ಹಲಗೆ, ತಳದಲ್ಲಿ ನೀರು ಬಸಿಯುವ ರಂಧ್ರ, ಮಾಡಿನ ಕೆಳಗೆ ಗಾಳಿಯಾಡುವ ಸಂದು, ತೆರೆದು ಮುಚ್ಚಲು ಬರುವ ಒಂದು ಪಕ್ಕ. ಇಷ್ಟಿದ್ದರೆ ಸಾಕು.

ಬಸವನಗುಡಿ ಬಾಲ್ಯ, ನ್ಯೂಜೆರ್ಸಿ
ಫೆಬ್ರವರಿ 3

ಕ್ಷಮಿಸಿ, ನನಗೆ ಇದನ್ನು ಓದಿ ಬಹಳ ನೋವಾಯಿತು. ಗುಬ್ಬಚ್ಚಿ ಶತ್ರುವಾದದ್ದು ಯಾವಾಗಿನಿಂದ? ನಾನು ಬೆಳೆದ ಮನೆಯಲ್ಲಿ ದೇವರ ಪಟದ ಹಿಂದೆ ಅವು ಗೂಡು ಕಟ್ಟುತ್ತಿದ್ದವು, ಮರಿ ಕೆಳಗೆ ಬಿದ್ದರೆ ಅಜ್ಜಿ ಹತ್ತಿಯಲ್ಲಿ ಎತ್ತಿ ಮತ್ತೆ ಇಡುತ್ತಿದ್ದರು, ಮಧ್ಯಾಹ್ನ ಫ್ಯಾನ್ ಹಾಕಲು ಬಿಡುತ್ತಿರಲಿಲ್ಲ. ಈಗ ಬೆಂಗಳೂರಿಗೆ ಹೋದರೆ ನಮ್ಮ ಬೀದಿಯಲ್ಲಿ ಒಂದು ಗುಬ್ಬಚ್ಚಿಯೂ ಕಾಣುವುದಿಲ್ಲ. 2012ರಲ್ಲಿ ದೆಹಲಿಯು ಅದನ್ನು ತನ್ನ ರಾಜ್ಯಪಕ್ಷಿಯೆಂದು ಘೋಷಿಸಿದ್ದೇ ಅದು ಕಣ್ಮರೆಯಾಗುತ್ತಿದೆ ಎಂಬ ಆತಂಕದಿಂದ. ಅಲ್ಲಿ ಅದಕ್ಕೆಂದು ಮಾರ್ಚ್ 20ರಂದು ದಿನಾಚರಣೆ ಮಾಡುತ್ತೇವೆ, ಇಲ್ಲಿ ಅದರ ಗೂಡನ್ನು ಕಿತ್ತು ಬಿಸಾಡುತ್ತೇವೆ. ಇದನ್ನು ಮಕ್ಕಳಿಗೆ ಯಾವ ಬಾಯಿಯಿಂದ ಹೇಳುವುದು?

ಮಿಸೌರಿ ಮೇಷ್ಟ್ರು
ಫೆಬ್ರವರಿ 4

ನಿಮ್ಮ ನೋವು ನಿಜವಾದದ್ದೇ. ನಾನೂ ಕಾಗಕ್ಕ ಗುಬ್ಬಕ್ಕನ ಕಥೆ ಕೇಳಿಯೇ ಮಲಗಿದವನು. ಆದರೆ ಬೆಂಗಳೂರಿನ ಗುಬ್ಬಚ್ಚಿಯೂ ನ್ಯೂಜೆರ್ಸಿಯ ಗುಬ್ಬಚ್ಚಿಯೂ ಒಂದೇ ಜಾತಿಯ ಹಕ್ಕಿಗಳಾದರೂ ಅವು ಇರುವ ನೆಲ ಒಂದೇ ಅಲ್ಲ. ನಮ್ಮ ಊರಿನಲ್ಲಿ ಅದು ಸಾವಿರಾರು ವರ್ಷಗಳಿಂದ ಮನುಷ್ಯನ ಜೊತೆ ಬಾಳಿದ ಹಕ್ಕಿ, ಅಲ್ಲಿನ ಉಳಿದ ಹಕ್ಕಿಗಳು ಅದರ ಜೊತೆ ಬದುಕುವುದನ್ನು ಕಲಿತಿವೆ. ಅಮೆರಿಕಕ್ಕೆ ಅದನ್ನು 1851ರ ಹೊತ್ತಿಗೆ ನ್ಯೂಯಾರ್ಕ್‌ನ ಬ್ರೂಕ್ಲಿನ್‌ಗೆ ತಂದು ಬಿಟ್ಟರು. ಅದಕ್ಕೂ ಮೊದಲು ಇಲ್ಲಿನ ಬ್ಲೂಬರ್ಡ್ ಗುಬ್ಬಚ್ಚಿಯ ಮುಖವನ್ನೇ ಕಂಡಿರಲಿಲ್ಲ. ಆಮೇಲೆ 1890 ಮತ್ತು 1891ರಲ್ಲಿ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ಸುಮಾರು ನೂರು ಸ್ಟಾರ್ಲಿಂಗ್‌ಗಳನ್ನು ಬಿಟ್ಟರು. ಇದು ನಮ್ಮ ಗೊರವಂಕದ ಬಳಗದ ಹಕ್ಕಿ. ಶೇಕ್ಸ್‌ಪಿಯರ್‌ನ ನಾಟಕಗಳಲ್ಲಿ ಬರುವ ಹಕ್ಕಿಗಳನ್ನೆಲ್ಲ ಅಮೆರಿಕಕ್ಕೆ ತರಬೇಕೆಂಬ ಆಸೆಯಿಂದ ಅವನ್ನು ಬಿಟ್ಟರು ಎನ್ನುತ್ತಾರೆ.

ಬ್ಲೂಬರ್ಡ್‌ಗೆ ತಾನೇ ಮರ ಕೊರೆಯಲು ಬರುವುದಿಲ್ಲ. ಮರಕುಟಿಗ ಬಿಟ್ಟುಹೋದ ಪೊಟರೆಯೋ, ಹಳೆಯ ಮರದ ಬೇಲಿಗೂಟದ ತೂತೋ ಸಿಕ್ಕರೆ ಮಾತ್ರ ಅದಕ್ಕೆ ಸಂಸಾರ. ಸತ್ತ ಮರಗಳನ್ನು ಕಡಿದರು, ಮರದ ಗೂಟಗಳ ಜಾಗಕ್ಕೆ ಕಬ್ಬಿಣದ ಗೂಟಗಳು ಬಂದವು, ಉಳಿದ ಪೊಟರೆಗಳನ್ನು ಈ ಎರಡು ಹೊಸ ಹಕ್ಕಿಗಳು ಹಿಡಿದುಕೊಂಡವು. ಇಪ್ಪತ್ತನೆಯ ಶತಮಾನದ ಮಧ್ಯದ ಹೊತ್ತಿಗೆ ಪೂರ್ವದ ಎಷ್ಟೋ ಊರುಗಳಲ್ಲಿ ಬ್ಲೂಬರ್ಡ್ ನೋಡದೆಯೇ ಮಕ್ಕಳು ದೊಡ್ಡವರಾದರು. 1927ರಲ್ಲಿ ಅದನ್ನು ರಾಜ್ಯಪಕ್ಷಿ ಎಂದು ಆರಿಸಿಕೊಂಡ ನಮ್ಮ ಮಿಸೌರಿಯಲ್ಲಿಯೂ ಅದು ಹಿಂದಿನಷ್ಟು ಕಾಣುತ್ತಿರಲಿಲ್ಲ.

ಓದುಪ್ರಿಯೆ, ಬಾಸ್ಟನ್
ಫೆಬ್ರವರಿ 4

ಮೇಷ್ಟ್ರೇ, ಶೇಕ್ಸ್‌ಪಿಯರ್ ಸಂಗತಿಯನ್ನು ತಿದ್ದಬೇಕಾಗಿದೆ. ಸ್ಟಾರ್ಲಿಂಗ್‌ಗಳನ್ನು ಬಿಟ್ಟದ್ದು ನಿಜ, ಆದರೆ ನಾಟಕಗಳ ಹಕ್ಕಿಗಳನ್ನು ತರುವುದೇ ಉದ್ದೇಶವಾಗಿತ್ತು ಎಂಬುದಕ್ಕೆ ಆ ಕಾಲದ ಸಾಕ್ಷ್ಯ ಸಿಗುವುದಿಲ್ಲವೆಂದು 2021ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿದೆ. ಆ ಕಥೆ ಹುಟ್ಟಿಕೊಂಡದ್ದು ದಶಕಗಳ ನಂತರ.

ಮಿಸೌರಿ ಮೇಷ್ಟ್ರು
ಫೆಬ್ರವರಿ 4

ತಿಳಿಸಿದ್ದಕ್ಕೆ ಧನ್ಯವಾದಗಳು. ಮೂವತ್ತು ವರ್ಷ ತರಗತಿಯಲ್ಲಿ ನಾನು ಇದನ್ನೇ ಹೇಳಿಕೊಂಡು ಬಂದಿದ್ದೆ. ಇನ್ನು ಮುಂದೆ ಹೇಳುವುದಿಲ್ಲ.

ಸಾಗರದ ಸಂಪಿಗೆ
ಫೆಬ್ರವರಿ 4

ನಾನು ಶಿವಮೊಗ್ಗ ಜಿಲ್ಲೆಯಿಂದ ಓದುತ್ತಿದ್ದೇನೆ. ನೀವು ಹೇಳುತ್ತಿರುವುದು ನಮ್ಮ ನೀಲಕಂಠವನ್ನೇ ಅಲ್ಲವೇ? ಇಲ್ಲಿ ವಿದ್ಯುತ್ ತಂತಿಯ ಮೇಲೆ ಕೂತಿರುತ್ತದೆ, ಹಾರುವಾಗ ರೆಕ್ಕೆ ಬಿಚ್ಚಿದರೆ ನೀಲಿ ಕಾಣುತ್ತದೆ.

ಪೈನ್ ನೆರಳು
ಫೆಬ್ರವರಿ 5

ಅಲ್ಲ, ಬೇರೆ ಹಕ್ಕಿ. ನೀಲಕಂಠ ನಮ್ಮ ಕರ್ನಾಟಕದ ರಾಜ್ಯಪಕ್ಷಿ, ಪಾರಿವಾಳದ ಗಾತ್ರದ್ದು. ಬ್ಲೂಬರ್ಡ್ ಅದಕ್ಕಿಂತ ಬಹಳ ಚಿಕ್ಕದು, ಗುಬ್ಬಚ್ಚಿಗಿಂತ ಸ್ವಲ್ಪವೇ ದೊಡ್ಡದು. ಉತ್ತರ ಅಮೆರಿಕದ ರಾಬಿನ್‌ನ ಹತ್ತಿರದ ಸಂಬಂಧಿ. ಮೂರು ಜಾತಿಗಳಿವೆ: ಪೂರ್ವದ್ದು, ಪಶ್ಚಿಮದ್ದು, ಬೆಟ್ಟದ್ದು. ಆದರೂ ನಿಮ್ಮ ಹಕ್ಕಿಗೂ ನಮ್ಮ ಹಕ್ಕಿಗೂ ಎರಡು ಸಾಮ್ಯಗಳಿವೆ. ಎರಡೂ ಪೊಟರೆಯಲ್ಲಿ ಮೊಟ್ಟೆಯಿಡುತ್ತವೆ. ಎರಡರ ಗರಿಯಲ್ಲಿಯೂ ನೀಲಿ ಬಣ್ಣದ ಪುಡಿಯೆಂಬುದು ಇಲ್ಲ; ಗರಿಯ ಒಳಗಿನ ಅತಿಸೂಕ್ಷ್ಮ ರಚನೆಯು ಬೆಳಕಿನ ನೀಲಿಯನ್ನು ಚೆದುರಿಸಿ ನಮ್ಮ ಕಣ್ಣಿಗೆ ಕಳಿಸುತ್ತದೆ. ಉದುರಿದ ಗರಿಯನ್ನು ಅರೆದು ನೋಡಿದರೆ ನೀಲಿ ಮಾಯವಾಗುತ್ತದೆ.

ಹಳೆಯ ಗೂಡುಗಾರ
ಫೆಬ್ರವರಿ 5

ಗುಬ್ಬಚ್ಚಿಯ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಅದನ್ನು ತಪ್ಪಿಸಿಕೊಂಡು ಈ ಕೆಲಸ ಮಾಡಲಾಗದು. ಅಮೆರಿಕದ 1918ರ ವಲಸೆ ಹಕ್ಕಿಗಳ ಒಪ್ಪಂದದ ಕಾಯ್ದೆಯು ಸ್ಥಳೀಯ ಹಕ್ಕಿಗಳ ಗೂಡು, ಮೊಟ್ಟೆ, ಗರಿ ಎಲ್ಲವನ್ನೂ ರಕ್ಷಿಸುತ್ತದೆ. ಮನೆಗುಬ್ಬಿ ಮತ್ತು ಸ್ಟಾರ್ಲಿಂಗ್ ಹೊರಗಿನಿಂದ ತಂದ ಹಕ್ಕಿಗಳಾದ್ದರಿಂದ ಆ ರಕ್ಷಣೆ ಅವಕ್ಕಿಲ್ಲ. ಆದ್ದರಿಂದ ಅವುಗಳ ಗೂಡು ತೆಗೆಯುವುದು ಅಪರಾಧವಲ್ಲ. ಕೆಲವರು ಬಲೆಪೆಟ್ಟಿಗೆಯಲ್ಲಿ ಹಿಡಿದು ಕೊಲ್ಲುತ್ತಾರೆ. ನಾನೂ ಅದನ್ನು ಮಾಡಿದ್ದೇನೆ, ಅದು ನನಗೆ ಯಾವತ್ತೂ ಸುಲಭವಾಗಿಲ್ಲ. ಕೊಲ್ಲಲು ಮನಸ್ಸಿಲ್ಲದವರು ಮಾಡಬಹುದಾದದ್ದು ಸಾಕಷ್ಟಿದೆ, ಆದರೆ ಸುಮ್ಮನೆ ಕೂರುವುದು ಅದರಲ್ಲಿ ಸೇರಿಲ್ಲ.

ಪೆಟ್ಟಿಗೆಯನ್ನು ಮನೆಗಳಿಂದ, ಅಂಗಡಿಗಳ ಸೂರಿನಿಂದ ಆದಷ್ಟು ದೂರ ಬಯಲಿಗೆ ಒಯ್ಯಿರಿ. ಗಿಲ್ಬರ್ಟ್‌ಸನ್ ಮಾದರಿಯೆಂಬ ಸಣ್ಣ ಪಿವಿಸಿ ಕೊಳವೆಯ ಪೆಟ್ಟಿಗೆಯನ್ನು ಗುಬ್ಬಚ್ಚಿಗಳು ಅಷ್ಟಾಗಿ ಮೆಚ್ಚುವುದಿಲ್ಲ. ಬ್ಲೂಬರ್ಡ್‌ಗಳು ಅದರಲ್ಲಿ ಚೆನ್ನಾಗಿಯೇ ಮರಿ ಮಾಡುತ್ತವೆ. ಬ್ಲೂಬರ್ಡ್ ಮೊದಲ ಮೊಟ್ಟೆಯಿಟ್ಟ ದಿನ, ಅದಕ್ಕಿಂತ ಮುಂಚೆ ಅಲ್ಲ, ಪೆಟ್ಟಿಗೆಯ ಮಾಡಿನ ಮೇಲೆ ಹೊಳೆಯುವ ಪಟ್ಟಿಗಳನ್ನು ಇಳಿಬಿಡಿ. ಮೊಟ್ಟೆಯ ಮೋಹಕ್ಕೆ ಬಿದ್ದ ತಾಯಿ ಅದಕ್ಕೆ ಹೆದರದೆ ಒಳಗೆ ಹೋಗುತ್ತದೆ, ಗುಬ್ಬಚ್ಚಿ ಹತ್ತಿರ ಬರಲು ಹಿಂಜರಿಯುತ್ತದೆ. ಮರಿಗಳು ಹಾರಿದ ಮೇಲೆ ತೆಗೆಯಿರಿ, ಇಲ್ಲವಾದರೆ ಗುಬ್ಬಚ್ಚಿಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ. ಗುಬ್ಬಚ್ಚಿಯೇ ಮೊದಲು ಬಂದು ಮೊಟ್ಟೆಯಿಟ್ಟಿದ್ದರೆ ಸಿಟ್ಟಿನಿಂದ ಗೂಡನ್ನು ಕಿತ್ತೆಸೆಯಬೇಡಿ. ಗೂಡು ಕಳೆದುಕೊಂಡ ಗಂಡು ಪಕ್ಕದ ಪೆಟ್ಟಿಗೆಗಳ ಮೇಲೆ ಬೀಳುವುದುಂಟು. ಮೊಟ್ಟೆಗಳನ್ನು ಮರಿಯಾಗದಂತೆ ಬಲವಾಗಿ ಅಲ್ಲಾಡಿಸಿ ಮತ್ತೆ ಅಲ್ಲಿಯೇ ಇಡುವುದು ಮೇಲು. ಇಷ್ಟೆಲ್ಲಕ್ಕೂ ಮೊದಲು ಗುರುತು ಖಚಿತವಾಗಬೇಕು. ಗಂಡಿನ ಕತ್ತಿನಲ್ಲಿ ಕಪ್ಪು ಮಚ್ಚೆ, ನೆತ್ತಿಯಲ್ಲಿ ಬೂದು, ಕಸಕಡ್ಡಿ, ಗರಿ, ಕಾಗದ ತುಂಬಿದ ಒಪ್ಪವಿಲ್ಲದ ಗೂಡು, ಚುಕ್ಕೆಗಳಿರುವ ಮೊಟ್ಟೆ. ಸಂದೇಹವಿದ್ದರೆ ಮುಟ್ಟಬೇಡಿ.

ಬಸವನಗುಡಿ ಬಾಲ್ಯ
ಫೆಬ್ರವರಿ 5

ಮೊಟ್ಟೆ ಅಲ್ಲಾಡಿಸುವುದು ಕೊಲ್ಲುವುದಕ್ಕಿಂತ ಹೇಗೆ ಬೇರೆ ಎಂದು ನನಗೆ ಇನ್ನೂ ಅರ್ಥವಾಗುತ್ತಿಲ್ಲ. ತಂದವನು ಮನುಷ್ಯ, ಶಿಕ್ಷೆ ಹಕ್ಕಿಗೆ. ಅಲ್ಲದೆ ಗುಬ್ಬಚ್ಚಿಗಳು ಈ ದೇಶದಲ್ಲಿಯೂ 1966ರ ಗಣತಿಯಿಂದ ಈಚೆಗೆ ಬಹಳ ಕಡಿಮೆಯಾಗಿವೆ ಎಂದು ಓದಿದ್ದೇನೆ. ಬ್ಲೂಬರ್ಡ್‌ಗಳಾದರೋ ಅದೇ ಅವಧಿಯಲ್ಲಿ ಹೆಚ್ಚಾಗಿವೆ. ಹಾಗಿದ್ದ ಮೇಲೆ ಇಷ್ಟು ಕಠಿಣವಾದ ಕ್ರಮ ಏಕೆ?

ಮಿಸೌರಿ ಮೇಷ್ಟ್ರು
ಫೆಬ್ರವರಿ 5

ಎರಡೂ ಮಾತು ಸರಿ. ಪೂರ್ವದ ಬ್ಲೂಬರ್ಡ್ ಈಗ ಅಳಿವಿನ ಅಂಚಿನಲ್ಲಿರುವ ಹಕ್ಕಿಯಲ್ಲ. ಆದರೆ ಆ ಹೆಚ್ಚಳದ ಹಿಂದೆ ಜನರ ಕೈಗಳಿವೆ. ಮಿಸಿಸಿಪಿ ನದಿಯ ಆಚೆ ದಡದ ಕ್ವಿನ್ಸಿ ಎಂಬ ಊರಿನಲ್ಲಿ ಥಾಮಸ್ ಮಸಲ್‌ಮನ್ ಎಂಬುವರು 1930ರ ದಶಕದಲ್ಲಿಯೇ ಹಳ್ಳಿಯ ರಸ್ತೆಗಳ ಉದ್ದಕ್ಕೂ ಬೇಲಿಗೂಟಗಳಿಗೆ ಪೆಟ್ಟಿಗೆಗಳನ್ನು ಸಾಲಾಗಿ ಕಟ್ಟಿ, ಅದನ್ನು ಬ್ಲೂಬರ್ಡ್ ದಾರಿ ಎಂದು ಕರೆದರು. ಆಮೇಲೆ ಮೇರಿಲ್ಯಾಂಡ್‌ನಲ್ಲಿ ಕೃಷಿ ಇಲಾಖೆಯ ನಿವೃತ್ತ ವಿಜ್ಞಾನಿ ಲಾರೆನ್ಸ್ ಝೆಲೆನಿ ತಮ್ಮ ಊರಿನ ಸುತ್ತ ಪೆಟ್ಟಿಗೆಗಳನ್ನು ನೋಡಿಕೊಳ್ಳುತ್ತ, 1977ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಬರೆದು, ಮರುವರ್ಷ ಉತ್ತರ ಅಮೆರಿಕದ ಬ್ಲೂಬರ್ಡ್ ಸಂಘವನ್ನು ಕಟ್ಟಿದರು. ಆ ಹಕ್ಕಿ ಮರಳಿ ಬಂದದ್ದು ಸಾವಿರಾರು ಸಾಮಾನ್ಯ ಜನರು ವಾರಕ್ಕೊಮ್ಮೆ ಪೆಟ್ಟಿಗೆ ತೆರೆದು ನೋಡಿದ್ದರಿಂದ. ಅದನ್ನು ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ಈ ಚರ್ಚೆಯ ಮೊದಲ ಬರಹವೇ ಹೇಳುತ್ತಿದೆ.

ಶಿಕ್ಷೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಗುಬ್ಬಚ್ಚಿ ತಪ್ಪು ಮಾಡಿಲ್ಲ, ನಿಜ. ಆದರೆ ಪೆಟ್ಟಿಗೆಯನ್ನು ಕಟ್ಟಿ ಬ್ಲೂಬರ್ಡ್‌ಗಳನ್ನು ಕರೆದವರು ನಾವು. ಕರೆದ ಮೇಲೆ ಒಳಗೆ ಕೂತ ತಾಯಿಯನ್ನು ಕಾಪಾಡುವ ಹೊಣೆಯೂ ನಮ್ಮದೇ.

ಡೆನ್ವರ್ ದಾರಿಹೋಕ
ಫೆಬ್ರವರಿ 6

ನಮ್ಮ ಕಡೆಯದು ಬೆಟ್ಟದ ಬ್ಲೂಬರ್ಡ್. ಗಂಡಿಗೆ ಎದೆಯ ಕೆಂಪಿಲ್ಲ, ಅಡಿಯಿಂದ ಮುಡಿಯವರೆಗೆ ಆಕಾಶದ ಬಣ್ಣ. ಹುಲ್ಲುಗಾವಲಿನ ಮೇಲೆ ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು ಕೆಳಗಿನ ಹುಳುವನ್ನು ಹುಡುಕುತ್ತದೆ. ಇದಕ್ಕೆ ಪೆಟ್ಟಿಗೆ ಮಾಡುವವರು ತೂತನ್ನು ಒಂದು ಇಂಚು ಮತ್ತು ಹದಿನಾರರಲ್ಲಿ ಒಂಬತ್ತು ಭಾಗದಷ್ಟು ಕೊರೆಯಬೇಕು, ಒಂದೂವರೆ ಇಂಚು ಇದಕ್ಕೆ ಇಕ್ಕಟ್ಟಾಗುತ್ತದೆ.

ಸಂಜೆಯ ಸ್ಯಾನ್‌ಹೊಸೆ
ಫೆಬ್ರವರಿ 6

ಕ್ಯಾಲಿಫೋರ್ನಿಯಾದ ದ್ರಾಕ್ಷಿತೋಟದವರು ಪಶ್ಚಿಮದ ಬ್ಲೂಬರ್ಡ್‌ಗಳಿಗೆ ಪೆಟ್ಟಿಗೆ ಇಡುವುದುಂಟು. ಪೆಟ್ಟಿಗೆಗಳಿರುವ ತೋಟದಲ್ಲಿ ಹಕ್ಕಿಗಳು ಹೆಚ್ಚು ಹುಳುಗಳನ್ನು ತಿನ್ನುತ್ತವೆಂದು ಅಲ್ಲಿ ನಡೆದ ಅಧ್ಯಯನದಲ್ಲಿ ಕಂಡುಬಂದಿದೆ. ನಿಮ್ಮ ಸಂಘಕ್ಕೆ ಕೊಡುವ ಯೋಜನೆಯಲ್ಲಿ ಇದನ್ನು ಬರೆಯಿರಿ. ಲಾಭದ ಮಾತು ಕೇಳಿದರೆ ಜನ ಬೇಗ ಒಪ್ಪುತ್ತಾರೆ.

ಕೆಂಪುಮಣ್ಣು, ಜಾರ್ಜಿಯಾ
ಫೆಬ್ರವರಿ 6

ಎಲ್ಲರೂ ಪೆಟ್ಟಿಗೆಯ ಬಗ್ಗೆಯೇ ಹೇಳುತ್ತಿದ್ದೀರಿ, ಊಟದ ಬಗ್ಗೆ ಯಾರೂ ಹೇಳಲಿಲ್ಲ. ಮರಿಗಳು ಬೆಳೆಯುವುದು ಕಂಬಳಿಹುಳು, ಮಿಡತೆ, ಜೀರುಂಡೆಗಳಿಂದ. ಬಡಾವಣೆಯ ಹುಲ್ಲುಹಾಸಿಗೆ ತಿಂಗಳಿಗೊಮ್ಮೆ ಕೀಟನಾಶಕ ಹೊಡೆಸಿ, ಅದರ ನಡುವೆ ಪೆಟ್ಟಿಗೆ ನಿಲ್ಲಿಸಿದರೆ ಅತಿಥಿಗಳನ್ನು ಕರೆದು ಖಾಲಿ ಎಲೆ ಹಾಕಿದಂತಾಗುತ್ತದೆ. ಕೊಳದ ಸುತ್ತಲಿನ ಬಯಲಿಗೆ ಮಾತ್ರವಾದರೂ ಔಷಧಿ ಹೊಡೆಯುವುದಿಲ್ಲವೆಂದು ಸಂಘದಿಂದ ಬರೆಸಿಕೊಳ್ಳಿ.

ಇನ್ನೊಂದು ಮಾತು. ನಿಮ್ಮ ಬಡಾವಣೆಯ ಪ್ರವೇಶದ್ವಾರದಲ್ಲಿ ಚಳಿಗಾಲದಲ್ಲಿ ಕೆಂಪು ಹಣ್ಣಿನ ಗೊಂಚಲು ಬಿಡುವ ನಂದೀನಾ ಗಿಡಗಳಿವೆಯೇ ನೋಡಿ. ದಕ್ಷಿಣದ ಬಡಾವಣೆಗಳಲ್ಲೆಲ್ಲ ಅದನ್ನು ನೆಡುತ್ತಾರೆ. ಅದರ ಹಣ್ಣಿನಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. 2009ರಲ್ಲಿ ನಮ್ಮ ಜಾರ್ಜಿಯಾದ ಥಾಮಸ್ ಕೌಂಟಿಯಲ್ಲಿ ಆ ಹಣ್ಣುಗಳನ್ನು ಹೊಟ್ಟೆ ತುಂಬ ತಿಂದ ಸೀಡರ್ ವ್ಯಾಕ್ಸ್‌ವಿಂಗ್ ಹಕ್ಕಿಗಳು ಗುಂಪಾಗಿ ಸತ್ತು ಬಿದ್ದಿದ್ದವು. ಬ್ಲೂಬರ್ಡ್‌ಗಳೂ ಚಳಿಗಾಲದಲ್ಲಿ ಹಣ್ಣುಗಳನ್ನೇ ನಂಬಿಕೊಂಡಿರುವುದರಿಂದ ನಾವು ಆ ಗಿಡಗಳನ್ನು ತೆಗೆಸಿ, ಡಾಗ್‌ವುಡ್ ಮತ್ತು ಅಮೆರಿಕನ್ ಹಾಲಿ ಎಂಬ ಹಣ್ಣು ಬಿಡುವ ಮರಗಳನ್ನು ನೆಡಿಸಿದೆವು. ಡಾಗ್‌ವುಡ್ ಹೂವು ಹೇಗೂ ನಿಮ್ಮ ರಾಜ್ಯದ ಹೂವು. ಅದನ್ನು ಬೇಡವೆನ್ನುವವರು ಅಲ್ಲಿ ಸಿಗಲಾರರು.

ಪೈನ್ ನೆರಳು
ಫೆಬ್ರವರಿ 7

ಈಗ ಹೋಗಿ ನೋಡಿ ಬಂದೆ. ದ್ವಾರದ ಎರಡೂ ಬದಿಗೆ ನಂದೀನಾ ಇದೆ, ಒಟ್ಟು ಹದಿನೆಂಟು ಗಿಡಗಳು. ಎಂಟು ವರ್ಷ ಅದರ ಪಕ್ಕದಲ್ಲಿಯೇ ಕಾರು ಓಡಿಸಿಕೊಂಡು ಬಂದಿದ್ದೇನೆ.

ಇನ್ನೊಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ಕಳೆದ ವರ್ಷ ಅತ್ತೆಯವರು ದಿನವೂ ಬೆಳಿಗ್ಗೆ ರಂಗೋಲಿ ಇಟ್ಟ ಮೇಲೆ ಹಿತ್ತಲಿನಲ್ಲಿ ಒಂದು ಹಿಡಿ ನುಚ್ಚಕ್ಕಿ ಚೆಲ್ಲುತ್ತಿದ್ದರು. ಊರಿನಲ್ಲಿ ಐವತ್ತು ವರ್ಷ ಮಾಡಿದ್ದನ್ನೇ ಇಲ್ಲಿಯೂ ಮಾಡಿದರು. ಮೊದಲು ಎರಡು ಗುಬ್ಬಚ್ಚಿ ಬಂದವು, ತಿಂಗಳ ಕೊನೆಗೆ ಇಪ್ಪತ್ತು. ಪೆಟ್ಟಿಗೆ ಅಲ್ಲಿಂದ ಹದಿನೈದು ಅಡಿ ದೂರದಲ್ಲಿತ್ತು. ಆ ಸಾವಿಗೂ ಈ ನುಚ್ಚಕ್ಕಿಗೂ ಸಂಬಂಧವಿದೆಯೇ? ಇದ್ದರೆ ಅವರಿಗೆ ನಾನು ಹೇಗೆ ಹೇಳಲಿ? ಈ ವರ್ಷವೂ ಅವರು ಬಂದಿದ್ದಾರೆ.

ಹಳೆಯ ಗೂಡುಗಾರ
ಫೆಬ್ರವರಿ 7

ಸಂಬಂಧವಿದೆ. ಅಕ್ಕಿ, ನವಣೆಯಂತಹ ಸಣ್ಣ ಕಾಳು, ಒಡೆದ ಜೋಳ, ಇವು ಗುಬ್ಬಚ್ಚಿಗಳನ್ನು ಕರೆಯುತ್ತವೆ. ಬ್ಲೂಬರ್ಡ್ ಇವುಗಳಲ್ಲಿ ಒಂದನ್ನೂ ತಿನ್ನುವುದಿಲ್ಲ. ತಿನ್ನಿಸಲೇಬೇಕೆಂದಿದ್ದರೆ ಮೀಲ್‌ವರ್ಮ್ ಹುಳುಗಳನ್ನು ಸಣ್ಣ ಬಟ್ಟಲಿನಲ್ಲಿ, ದಿನಕ್ಕೊಂದು ಹಿಡಿ ಮೀರದಂತೆ ಇಡಿ. ಚಳಿಗಾಲದಲ್ಲಿ ಹೆಪ್ಪುಗಟ್ಟದ ನೀರು ಇದಕ್ಕಿಂತ ಹೆಚ್ಚು ಉಪಕಾರ ಮಾಡುತ್ತದೆ.

ಬಸವನಗುಡಿ ಬಾಲ್ಯ
ಫೆಬ್ರವರಿ 7

ನಿಮ್ಮ ಅತ್ತೆಯವರಿಗೆ ನಿಜವನ್ನೇ ಹೇಳಿ. ಹಿರಿಯರು ಹಕ್ಕಿಗೆ ಕಾಳು ಚೆಲ್ಲುವುದು ಪ್ರೀತಿಯಿಂದ. ಆ ಪ್ರೀತಿಯಿಂದ ಇನ್ನೊಂದು ಹಕ್ಕಿಗೆ ಅಪಾಯವಾಗುತ್ತಿದೆ ಎಂದು ತಿಳಿದರೆ ಅವರೇ ನಿಲ್ಲಿಸುತ್ತಾರೆ. ಗುಬ್ಬಚ್ಚಿಯ ಮೊಟ್ಟೆಯನ್ನು ಮುಟ್ಟುವುದಕ್ಕೆ ನನ್ನ ಮನಸ್ಸು ಇನ್ನೂ ಒಪ್ಪಿಲ್ಲ. ಆದರೆ ಕಾಳು ಚೆಲ್ಲದಿರುವುದು, ಪೆಟ್ಟಿಗೆಯನ್ನು ದೂರ ಇಡುವುದು, ಅವು ಗೂಡು ಕಟ್ಟಲು ಆರಂಭಿಸಿದ ದಿನವೇ, ಮೊಟ್ಟೆಯಿಡುವ ಮೊದಲೇ, ಹುಲ್ಲನ್ನು ತೆಗೆದುಹಾಕುವುದು, ಇಷ್ಟನ್ನು ನಾನು ಒಪ್ಪುತ್ತೇನೆ. ಅದಕ್ಕೆ ದಿನವೂ ನೋಡುವವರು ಬೇಕು, ಅಷ್ಟೇ.

ಹಳೆಯ ಗೂಡುಗಾರ
ಫೆಬ್ರವರಿ 8

ದಿನವೂ ನೋಡುವವರಿದ್ದರೆ ನನ್ನ ಅರ್ಧ ವಾದವನ್ನು ನಾನೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಾನು ಹೇಳಿದ್ದು ವಾರಕ್ಕೊಮ್ಮೆ ಮಾತ್ರ ಹೋಗಲು ಸಾಧ್ಯವಾಗುವವರಿಗೆ.

ಕಪ್ಪೆಚಿಪ್ಪು, ವರ್ಜೀನಿಯಾ
ಫೆಬ್ರವರಿ 9

ನಮ್ಮ ಪೆಟ್ಟಿಗೆಗೆ ಗುಬ್ಬಚ್ಚಿಯ ಕಾಟವೇ ಇರಲಿಲ್ಲ, ಆದರೂ ಮೊಟ್ಟೆಗಳೆಲ್ಲ ತೂತಾಗಿ ಕೆಳಗೆ ಬಿದ್ದಿದ್ದವು. ಆಮೇಲೆ ಪೆಟ್ಟಿಗೆಯ ತುಂಬ ಕಡ್ಡಿಗಳು. ಇದು ಯಾರ ಕೆಲಸ?

ಹಳೆಯ ಗೂಡುಗಾರ
ಫೆಬ್ರವರಿ 9

ಹೌಸ್ ರೆನ್. ಹೆಬ್ಬೆರಳಿನಷ್ಟೇ ಇರುವ ಕಂದು ಹಕ್ಕಿ, ಬೇರೆಯವರ ಮೊಟ್ಟೆಗಳನ್ನು ಚುಚ್ಚಿ ಜಾಗ ಖಾಲಿ ಮಾಡಿಸುತ್ತದೆ. ಆದರೆ ಎಚ್ಚರಿಕೆ: ಅದು ಇಲ್ಲಿನದೇ ಹಕ್ಕಿ, ಕಾಯ್ದೆಯ ರಕ್ಷಣೆ ಅದಕ್ಕಿದೆ. ಮೊಟ್ಟೆಯಿರುವ ಅದರ ಗೂಡನ್ನು ಮುಟ್ಟುವಂತಿಲ್ಲ. ಅದು ಪೊದೆಯ ಹಕ್ಕಿ. ಪೆಟ್ಟಿಗೆಯನ್ನು ಪೊದೆಗಳಿಂದ ಕನಿಷ್ಠ 200 ಅಡಿ ಆಚೆಗೆ, ಬಯಲಿಗೆ ತನ್ನಿ. ಟ್ರೀ ಸ್ವಾಲೋ ಹಕ್ಕಿಗಳು ಬರುವ ಕಡೆಯಲ್ಲಿ ಎರಡು ಪೆಟ್ಟಿಗೆಗಳನ್ನು 15ರಿಂದ 20 ಅಡಿ ಅಂತರದಲ್ಲಿ ಜೋಡಿಯಾಗಿ ನಿಲ್ಲಿಸಿ. ಸ್ವಾಲೋ ತನ್ನ ಜಾತಿಯ ಇನ್ನೊಂದು ಜೋಡಿಯನ್ನು ಅಷ್ಟು ಹತ್ತಿರ ಸೇರಿಸುವುದಿಲ್ಲ, ಬ್ಲೂಬರ್ಡ್ ಬಂದರೆ ಸುಮ್ಮನಿರುತ್ತದೆ. ಎರಡೂ ಇಲ್ಲಿನ ಹಕ್ಕಿಗಳು, ಎರಡಕ್ಕೂ ಜಾಗ ಸಿಗಲಿ.

ಗೂಡು ತುಂಬಿದ ಮನೆ, ಟೆಕ್ಸಸ್
ಫೆಬ್ರವರಿ 9

ಪೆಟ್ಟಿಗೆ ತೆರೆದರೆ, ಮನುಷ್ಯರ ವಾಸನೆ ತಗುಲಿದರೆ ತಾಯಿ ಬಿಟ್ಟುಹೋಗುತ್ತದೆ ಎನ್ನುತ್ತಾರಲ್ಲ?

ಪೈನ್ ನೆರಳು
ಫೆಬ್ರವರಿ 10

ನಾನೂ ಹಾಗೆಯೇ ನಂಬಿದ್ದೆ, ಅದಕ್ಕಾಗಿಯೇ ಕಳೆದ ವರ್ಷ ಎರಡು ವಾರ ತೆರೆಯದೆ ಕೂತಿದ್ದೆ. ವಾಸನೆಯ ಮಾತು ಸುಳ್ಳೆಂದು ಈಗ ತಿಳಿದುಕೊಂಡೆ. ಮೆಲ್ಲಗೆ ಬಡಿದು, ತೆರೆದು, ಅರ್ಧ ನಿಮಿಷದಲ್ಲಿ ನೋಡಿ ಮುಚ್ಚಿದರೆ ತೊಂದರೆಯಿಲ್ಲ. ಆದರೆ ಮರಿಗಳಿಗೆ ಹನ್ನೆರಡು ಹದಿಮೂರು ದಿನ ತುಂಬಿದ ಮೇಲೆ ತೆರೆಯಬಾರದು, ಬೆದರಿದ ಮರಿಗಳು ಹಾರಲು ಬರುವ ಮೊದಲೇ ಹೊರಗೆ ಜಿಗಿಯುತ್ತವೆ. ಅವು ತಾವಾಗಿ ಹೊರಡುವುದು ಹದಿನೇಳರಿಂದ ಹತ್ತೊಂಬತ್ತನೆಯ ದಿನದ ಸುಮಾರಿಗೆ.

ಅತ್ತೆಯವರಿಗೆ ಎಲ್ಲವನ್ನೂ ಹೇಳಿದೆ. ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ನುಚ್ಚಕ್ಕಿಯ ಡಬ್ಬವನ್ನು ತಂದು ಅಡುಗೆಮನೆಯಲ್ಲಿಟ್ಟು, ಸಂಜೆಗೆ ಉಪ್ಪಿಟ್ಟು ಮಾಡಿದರು. ಮರುದಿನ ಬೆಳಿಗ್ಗೆ ಒಂದು ನೋಟುಪುಸ್ತಕ ಕೇಳಿದರು. ಜುಲೈವರೆಗೆ ಇಲ್ಲಿಯೇ ಇರುತ್ತಾರೆ. ದಿನವೂ ಎರಡು ಹೊತ್ತು ಕೊಳದ ಸುತ್ತ ನಡೆಯುವವರು ಅವರೇ.

ಕೆಂಪುಮಣ್ಣು
ಫೆಬ್ರವರಿ 10

ಅವರಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಬರೆದದ್ದನ್ನು ನೀವು ಕಾರ್ನೆಲ್ ವಿಶ್ವವಿದ್ಯಾಲಯದ ನೆಸ್ಟ್‌ವಾಚ್ ಯೋಜನೆಗೆ ಸೇರಿಸಬಹುದು. ಗೂಡಿನ ದಿನಾಂಕ, ಮೊಟ್ಟೆ, ಮರಿಗಳ ಲೆಕ್ಕವನ್ನು ಅಲ್ಲಿ ಯಾರು ಬೇಕಾದರೂ ದಾಖಲಿಸಬಹುದು.

ಪೈನ್ ನೆರಳು
ಮಾರ್ಚ್ 2

ಸಂಘದ ಸಭೆ ಮುಗಿಯಿತು. ಆರರ ಬದಲು ಮೂರು ಪೆಟ್ಟಿಗೆಗಳು, ಕಬ್ಬಿಣದ ಕಂಬ, ಬ್ಯಾಫಲ್, ಎಲ್ಲಕ್ಕೂ ಒಪ್ಪಿಗೆ ಸಿಕ್ಕಿತು. ಬಯಲಿಗೆ ಕೀಟನಾಶಕ ಹೊಡೆಯುವುದನ್ನು ಒಂದು ವರ್ಷದ ಮಟ್ಟಿಗೆ ನಿಲ್ಲಿಸುತ್ತಾರೆ. ಕೊಳದ ಆಚೆ ಒಣಗಿ ನಿಂತಿದ್ದ ಓಕ್ ಮರವನ್ನು ಕಡಿಯಲು ಈಗಾಗಲೇ ಹಣ ತೆಗೆದಿಟ್ಟಿದ್ದರು. ದಾರಿಯ ಮೇಲೆ ಬೀಳಬಹುದಾದ ಕೊಂಬೆಗಳನ್ನು ಮಾತ್ರ ತೆಗೆದು ಬೊಡ್ಡೆಯನ್ನು ಮರಕುಟಿಗಗಳಿಗೆ ಬಿಡಿ ಎಂದು ಕೇಳಿದೆ. ಒಂದು ಮತದ ಅಂತರದಲ್ಲಿ ಉಳಿಯಿತು. ನಂದೀನಾ ಗಿಡಗಳ ವಿಷಯದಲ್ಲಿ ನಾನು ಸೋತೆ, ಅವು ಚೆನ್ನಾಗಿ ಕಾಣುತ್ತವೆ ಎಂಬುದೇ ಹೆಚ್ಚಿನವರ ಅಭಿಪ್ರಾಯ. ಹಣ್ಣಿನ ಗೊಂಚಲುಗಳನ್ನು ಕತ್ತರಿಸಲು ಅನುಮತಿ ಕೊಟ್ಟಿದ್ದಾರೆ. ಶನಿವಾರ ನಾನು, ಮಗಳು, ಪಕ್ಕದ ಮನೆಯ ಇಬ್ಬರು ಸೇರಿ ನಾಲ್ಕು ಚೀಲ ಕತ್ತರಿಸಿದೆವು.

ಕೆಂಪುಮಣ್ಣು
ಮಾರ್ಚ್ 2

ಪ್ರತಿ ಚಳಿಗಾಲದ ಆರಂಭದಲ್ಲಿಯೂ ಕತ್ತರಿಸಬೇಕು. ಮುಂದಿನ ವರ್ಷ ಮತ್ತೆ ಕೇಳಿ. ನಮಗೆ ಮೂರು ಸಭೆ ಹಿಡಿಯಿತು.

ಪೈನ್ ನೆರಳು
ಏಪ್ರಿಲ್ 6

ಎರಡನೆಯ ಪೆಟ್ಟಿಗೆಗೆ ಜೋಡಿ ಬಂದಿದೆ. ಒಂದನೆಯದರಲ್ಲಿ ಗುಬ್ಬಚ್ಚಿ ಮೂರು ಸಲ ಹುಲ್ಲು ತಂದಿತು, ಅತ್ತೆಯವರು ಮೂರು ಸಲವೂ ಅದೇ ದಿನ ತೆಗೆದು ಹಾಕಿದರು. ಈಗ ಒಂದು ವಾರದಿಂದ ಬಂದಿಲ್ಲ. ಮೂರನೆಯದರಲ್ಲಿ ಚಿಕಡೀ ಹಕ್ಕಿಯ ಪಾಚಿಗೂಡು.

ಎರಡನೆಯ ಪೆಟ್ಟಿಗೆಯಲ್ಲಿ ಇಂದು ಬೆಳಿಗ್ಗೆ ಮೊದಲ ಮೊಟ್ಟೆ ಕಂಡಿತು, ಆದರೆ ಅದು ನೀಲಿಯಲ್ಲ, ಅಚ್ಚ ಬಿಳಿ. ಗೂಡು ಪೈನ್ ಎಲೆಗಳದ್ದೇ, ಮೊಟ್ಟೆಯಲ್ಲಿ ಚುಕ್ಕೆಗಳಿಲ್ಲ. ಬೇರೆ ಯಾವುದೋ ಹಕ್ಕಿ ಇಟ್ಟುಹೋಯಿತೇ ಎಂದು ಅತ್ತೆಯವರು ಚಿಂತೆಯಲ್ಲಿದ್ದಾರೆ. ಹೊಳೆಯುವ ಪಟ್ಟಿ ಕಟ್ಟಲೋ ಬೇಡವೋ?

ಹಳೆಯ ಗೂಡುಗಾರ
ಏಪ್ರಿಲ್ 6

ಬ್ಲೂಬರ್ಡ್‌ನದೇ. ಕೆಲವು ಹೆಣ್ಣುಗಳು ಬಿಳಿ ಮೊಟ್ಟೆಯನ್ನೇ ಇಡುತ್ತವೆ, ಮರಿಗಳು ಮಾಮೂಲಿನಂತೆಯೇ ಆಗುತ್ತವೆ. ಪಟ್ಟಿಗಳನ್ನು ಇಂದೇ ಕಟ್ಟಿ, ತಾಯಿ ಒಳಗೆ ಹೋಗುವವರೆಗೆ ದೂರದಲ್ಲಿ ನಿಂತು ನೋಡಿ. ಒಂದು ಗಂಟೆಯಾದರೂ ಹೋಗದಿದ್ದರೆ ತೆಗೆದುಬಿಡಿ.

ಪೈನ್ ನೆರಳು
ಏಪ್ರಿಲ್ 6

ಕಟ್ಟಿದೆವು. ಹನ್ನೊಂದು ನಿಮಿಷಕ್ಕೆ ಒಳಗೆ ಹೋಯಿತು. ನೋಟುಪುಸ್ತಕದಲ್ಲಿ ಹೊತ್ತು ಬರೆದಾಗಿದೆ.